ಹಳೆ ಫೋರ್‌ವೀಲ್ ಜೀಪು, ಪಿಕಪ್ಪು: ಅಂಗಳದಲ್ಲೇ ರಿಪೇರಿ — ಓದುಗರ ಪ್ರಶ್ನೆ, ನಮ್ಮ ಉತ್ತರ

ಮಲೆನಾಡು, ಕೊಡಗಿನ ತೋಟಗಳಲ್ಲಿ ದುಡಿದು ಈಗ ಶೆಡ್ಡು ಸೇರಿರುವ ಮಹೀಂದ್ರಾ ಜೀಪು, ಪಿಕಪ್ಪುಗಳ ಬಗ್ಗೆಯೇ ಈ ಸಲ ಹೆಚ್ಚು ಪತ್ರ ಬಂದಿವೆ. ಒಂದೇ ವಿಷಯ ಕೇಳಿದವರ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ. ಬಹಳ ಜನ ಮೊದಲು ಕೇಳಿರುವುದು ಪೇಂಟಿನ ಬಗ್ಗೆ. ನಮ್ಮ ಕ್ರಮ ಬೇರೆ: ಮೊದಲು ಚಾಸಿ, ಆಮೇಲೆ ಬ್ರೇಕು ಮತ್ತು ಸ್ಟೀರಿಂಗು, ನಂತರ ಎಂಜಿನ್ನು, ಕೊನೆಗೆ ಬಣ್ಣ. ಎಂಜಿನ್ ತಿರುಗುತ್ತದೋ ಇಲ್ಲವೋ ಎಂದು ಮಾತ್ರ ಮೊದಲೇ ನೋಡಿಕೊಳ್ಳಬಹುದು.

ಪ್ರಶ್ನೆ: ಹಿಂದೆ ತೊಟ್ಟಿ ಕಟ್ಟಿಸಿರುವ ಎಂಎಂ 540 ನಮ್ಮಲ್ಲಿದೆ. ಪ್ಯೂಜೊ ಡೀಸೆಲ್ ಎಂಜಿನ್. ಆರು ವರ್ಷದಿಂದ ನಿಂತಲ್ಲೇ ನಿಂತಿದೆ. ಹೊಸ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಬಹುದೇ? — ಮೂಡಿಗೆರೆಯ ಓದುಗರು

ಈಗಲೇ ಬೇಡ. ಇಷ್ಟು ವರ್ಷ ನಿಂತ ಎಂಜಿನ್ನಿನಲ್ಲಿ ಸಿಲಿಂಡರ್ ಗೋಡೆಯ ಎಣ್ಣೆ ಪೂರ್ತಿ ಇಳಿದುಹೋಗಿರುತ್ತದೆ. ನಿಮ್ಮ ಕಡೆಯ ಮಳೆಗಾಲದ ತೇವಕ್ಕೆ ರಿಂಗುಗಳು ಗೋಡೆಗೆ ಕಚ್ಚಿಕೊಂಡಿರಬಹುದು. ಹಾಗಿದ್ದಾಗ ಸೆಲ್ಫ್ ಹೊಡೆದರೆ ರಿಂಗ್ ಮುರಿಯುತ್ತದೆ, ಇಲ್ಲವೇ ಸಿಲಿಂಡರಿನಲ್ಲಿ ಗೀರು ಬೀಳುತ್ತದೆ.

ನಿಮ್ಮದು 2112 ಸಿಸಿಯ ಎಕ್ಸ್‌ಡಿಪಿ ಎಂಜಿನ್, ನಾಲ್ಕು ಸಿಲಿಂಡರ್. ನಾಲ್ಕೂ ಹೀಟರ್ ಪ್ಲಗ್ (ಸ್ಟಾರ್ಟ್ ಮಾಡುವ ಮುನ್ನ ಒಳಗಿನ ಗಾಳಿ ಕಾಯಿಸುವ ಪ್ಲಗ್ಗು) ಬಿಚ್ಚಿ ಪ್ರತಿ ತೂತಿಗೆ 10 ಮಿಲಿ ಎಂಜಿನ್ ಆಯಿಲ್ ಬಿಡಿ. ಎಣ್ಣೆ ಪ್ರೀಚೇಂಬರ್ (ಹೆಡ್ಡಿನೊಳಗೆ ಡೀಸೆಲ್ ಮೊದಲು ಹೊತ್ತಿಕೊಳ್ಳುವ ಸಣ್ಣ ಕೋಣೆ) ದಾಟಿ ಪಿಸ್ಟನ್ನಿನ ಮೇಲೆ ಇಳಿಯಲು ಸಮಯ ಬೇಕು, ಎರಡು ದಿನ ಹಾಗೇ ಬಿಡಿ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ರಿಂಗ್ ಸ್ಪ್ಯಾನರ್ ಹಾಕಿ ಎದುರಿನಿಂದ ನೋಡಿದಾಗ ಗಡಿಯಾರದ ದಿಕ್ಕಿಗೆ ಕೈಯಲ್ಲೇ ತಿರುಗಿಸಿ. ಎರಡು ಸುತ್ತು ಸಲೀಸಾಗಿ ಬಂದರೆ ಒಳ್ಳೆಯದು. ಬಿಗಿಯಾಗಿದೆ ಎಂದು ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಎಳೆಯಬೇಡಿ, ಇನ್ನೊಮ್ಮೆ ಎಣ್ಣೆ ಬಿಟ್ಟು ಕಾಯಿರಿ. ತಿರುಗಿಸುವಾಗ ಪ್ಲಗ್ಗಿನ ತೂತಿನಿಂದ ನೀರು ಚಿಮ್ಮಿದರೆ ಹೆಡ್ ಪ್ಯಾಕಿಂಗ್ ಹೋಗಿರುವ ಸಾಧ್ಯತೆ ಹೆಚ್ಚು. ಮುಂದಿನ ಕೆಲಸ ಅಲ್ಲಿಗೇ ನಿಲ್ಲಿಸಿ ಹೆಡ್ ಇಳಿಸಿ.

ಎಂಜಿನ್ ತಳದಲ್ಲಿ ಎಣ್ಣೆ ನಿಲ್ಲುವ ಸಂಪಿನ ಡ್ರೈನ್ ಬೋಲ್ಟನ್ನು ಒಮ್ಮೆಲೇ ತೆಗೆಯದೆ ಅರ್ಧ ಸಡಿಲಿಸಿ ನೋಡಿ. ನೀರು ಎಣ್ಣೆಗಿಂತ ಭಾರ, ಇದ್ದರೆ ಮೊದಲು ಅದೇ ತೊಟ್ಟಿಕ್ಕುತ್ತದೆ.

ಡೀಸೆಲ್ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ. ತಳದಿಂದ ಬಂದ ಒಂದು ಲೀಟರನ್ನು ಗಾಜಿನ ಬಾಟಲಿಯಲ್ಲಿ ಅರ್ಧ ಗಂಟೆ ಇಟ್ಟರೆ ನೀರು ಕೆಳಗೆ, ಡೀಸೆಲ್ ಮೇಲೆ ಬೇರೆಯಾಗುತ್ತದೆ. ನಡುವೆ ಕಪ್ಪು ಲೋಳೆ ಕಂಡರೆ ಅದು ನೀರು ಮತ್ತು ಡೀಸೆಲ್ ಕೂಡುವಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳದ್ದು. ಆ ಟ್ಯಾಂಕನ್ನು ಇಳಿಸಿ ತೊಳೆಯದೆ ಬೇರೆ ದಾರಿಯಿಲ್ಲ, ಬಿಟ್ಟರೆ ಹೊಸ ಫಿಲ್ಟರ್ ವಾರದಲ್ಲಿ ಕಟ್ಟಿಕೊಳ್ಳುತ್ತದೆ. ರಬ್ಬರ್ ಹೋಸುಗಳನ್ನೆಲ್ಲ ಹೊಸದು ಹಾಕಿ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನದು ಎಳೆಯುವ ಲೈನು. ಅಲ್ಲಿ ಹೋಸ್ ಬಿರುಕು ಬಿಟ್ಟರೆ ಡೀಸೆಲ್ ಹೊರಗೆ ಸೋರುವುದೇ ಇಲ್ಲ, ಗಾಳಿ ಒಳಗೆ ಹೋಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗಿ ಎರಡು ನಿಮಿಷದಲ್ಲಿ ಆಫ್ ಆಗುವ ಗಾಡಿಗಳಲ್ಲಿ ಬಹುಪಾಲು ಇದೇ ದೋಷ.

ಏರ್ ತೆಗೆಯುವುದು ಮೂರು ಕಡೆ. ಮೊದಲು ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪ್ ಹೊಡೆದು ಬಿಗಿ ಮಾಡಿ. ನಂತರ ಇಂಜೆಕ್ಷನ್ ಪಂಪಿನ ಸ್ಕ್ರೂ. ಕೊನೆಗೆ ಇಂಜೆಕ್ಟರ್ ಪೈಪುಗಳ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಿರಿ, ಡೀಸೆಲ್ ಬಿಟ್ಟುಬಿಟ್ಟು ಚಿಮ್ಮತೊಡಗಿದಾಗ ಬಿಗಿ ಮಾಡಿ. ಆ ಹೊತ್ತಿನಲ್ಲಿ ಕೈ ಅಡ್ಡ ಹಿಡಿಯಬಾರದು. ಅಷ್ಟು ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿಮೊನೆಯಷ್ಟು ಗಾಯ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಹೀಟರ್ ಪ್ಲಗ್ಗುಗಳನ್ನು ಜೋಡಿಸುವ ಪಟ್ಟಿ ತೆಗೆದು ಒಂದೊಂದನ್ನೇ ಮಲ್ಟಿಮೀಟರಿನಲ್ಲಿ ನೋಡಿ. ಸರಿಯಿರುವ ಪ್ಲಗ್ಗು ಒಂದು ಓಮ್ ಆಸುಪಾಸು ತೋರಿಸುತ್ತದೆ, ಏನೂ ತೋರಿಸದಿದ್ದರೆ ಸುಟ್ಟಿದೆ. ಹೀಟರ್ ಇರುವ ಎಂಜಿನ್ನಿಗೆ ಈಥರ್ ಸ್ಪ್ರೇ ಹೊಡೆಯಲೇಬಾರದು. ಕೆಂಪಗೆ ಕಾದ ಪ್ಲಗ್ಗಿಗೆ ಅದು ತಗುಲಿ ಪಿಸ್ಟನ್ ಒಡೆದುಹೋಗುತ್ತದೆ.

ಇನ್ನು ಸೆಲ್ಫ್. ಸ್ಟಾಪ್ (ಎಂಜಿನ್ ನಿಲ್ಲಿಸುವ ಹಿಡಿ) ಎಳೆದಿಟ್ಟುಕೊಂಡು ಹತ್ತು ಹತ್ತು ಸೆಕೆಂಡು ತಿರುಗಿಸಿ, ಆಯಿಲ್ ಪ್ರೆಷರ್ ಬಂದ ಮೇಲೆ ಸ್ಟಾಪ್ ಬಿಡಿ. ಏರ್ ಕ್ಲೀನರ್ ಹೋಸ್ ಬಿಚ್ಚಿಟ್ಟು, ಆ ಬಾಯಿ ಮುಚ್ಚುವಷ್ಟು ಅಗಲದ ಹಲಗೆಯೊಂದನ್ನು ಹಿಡಿದು ಒಬ್ಬರು ಪಕ್ಕದಲ್ಲಿ ನಿಂತಿರಲಿ. ಪಂಪಿನ ರ್‍ಯಾಕ್ (ಡೀಸೆಲ್ ಪ್ರಮಾಣ ಹತೋಟಿಯಲ್ಲಿಡುವ ಪಟ್ಟಿ) ಸಿಕ್ಕಿಕೊಂಡು ಎಂಜಿನ್ ವೇಗ ತಾನೇ ತಾನಾಗಿ ಏರತೊಡಗಿದರೆ ಅದನ್ನು ನಿಲ್ಲಿಸಲು ಗಾಳಿ ಮುಚ್ಚುವುದೊಂದೇ ದಾರಿ. ಅಂಗೈಯಿಂದ ಮುಚ್ಚಲು ಹೋಗಬೇಡಿ.

ಪ್ರಶ್ನೆ: ಚಾಸಿ ಎರಡು ಕಡೆ ತುಕ್ಕು ಹಿಡಿದು ತೂತಾಗಿದೆ. ಮೇಲೊಂದು ದಪ್ಪ ಪ್ಲೇಟ್ ಇಟ್ಟು ಸುತ್ತ ವೆಲ್ಡಿಂಗ್ ಮಾಡಿದರೆ ಸಾಕು ಎನ್ನುತ್ತಾರೆ ಟಿಂಕರಿಂಗ್‌ನವರು. — ಸಕಲೇಶಪುರದ ಓದುಗರು

ಸಾಲದು. ಮೊದಲು ತೂತು ಎಷ್ಟು ದೂರ ಹಬ್ಬಿದೆ ಎಂದು ತಿಳಿಯಬೇಕು. ಚಿಕ್ಕ ಸುತ್ತಿಗೆಯಿಂದ ಚಾಸಿಯನ್ನು ಉದ್ದಕ್ಕೂ ತಟ್ಟುತ್ತ ಹೋಗಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಒಳಗೆ ತಿಂದುಹೋದದ್ದು ಬೊದ್ ಎನ್ನುತ್ತದೆ. ಸದ್ದು ಬದಲಾದಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ ಸ್ಕ್ರೂಡ್ರೈವರಿನಿಂದ ಚುಚ್ಚಿ. ಮುಖ್ಯವಾಗಿ ನೋಡಬೇಕಾದದ್ದು ಕಮಾನು ಪಟ್ಟಿಯ ಹ್ಯಾಂಗರುಗಳ ಬುಡ, ಹಿಂದಿನ ಅಡ್ಡಪಟ್ಟಿ, ಬ್ಯಾಟರಿ ಕೂರುವ ಜಾಗದ ಕೆಳಭಾಗ, ಮತ್ತು ಚಾನೆಲ್ಲಿಗೆ (ಒಂದು ಬದಿ ತೆರೆದಿರುವ ಚಾಸಿಯ ಉದ್ದ ಪಟ್ಟಿ) ಪ್ಲೇಟ್ ಮುಚ್ಚಿ ಪೆಟ್ಟಿಗೆಯಂತೆ ಮಾಡಿರುವ ಭಾಗ. ಈ ಪೆಟ್ಟಿಗೆಯೊಳಗೆ ಕೆಸರು ಸೇರಿ ವರ್ಷವಿಡೀ ಒಣಗುವುದಿಲ್ಲ.

ಕತ್ತರಿಸುವ ಮುನ್ನ ಅಳತೆ ತೆಗೆದುಕೊಳ್ಳಿ. ಮುಂದಿನ ಎಡ ಕಮಾನಿನ ಬೋಲ್ಟಿನಿಂದ ಹಿಂದಿನ ಬಲ ಕಮಾನಿನ ಬೋಲ್ಟಿಗೆ, ಹಾಗೆಯೇ ಬಲದಿಂದ ಎಡಕ್ಕೆ. ಎರಡು ಕರ್ಣಗಳ ನಡುವೆ ಐದಾರು ಮಿಮೀಗಿಂತ ಹೆಚ್ಚು ವ್ಯತ್ಯಾಸ ಬಂದರೆ ಚಾಸಿ ಆಗಲೇ ಬಾಗಿದೆ, ಮೊದಲು ಅದನ್ನು ನೇರ ಮಾಡಿಸಬೇಕು. ತೊಟ್ಟಿ ಖಾಲಿ ಮಾಡಿ, ಜಾಕಿಯ ಮೇಲಲ್ಲ, ಸ್ಟ್ಯಾಂಡಿನ ಮೇಲೆ ನಾಲ್ಕು ಕಡೆ ಕೂರಿಸಿ. ಇಲ್ಲವಾದರೆ ಕತ್ತರಿಸಿದ ಕೂಡಲೇ ಚಾಸಿ ಜೋತು, ಜೋತ ಸ್ಥಿತಿಯಲ್ಲೇ ವೆಲ್ಡ್ ಆಗಿಬಿಡುತ್ತದೆ.

ತುಕ್ಕಿನ ಮೇಲೆ ವೆಲ್ಡಿಂಗ್ ನಿಲ್ಲುವುದಿಲ್ಲ. ಹೊಳೆಯುವ ಕಬ್ಬಿಣ ಸಿಗುವವರೆಗೆ ಕತ್ತರಿಸಿ ತೆಗೆಯಿರಿ. ಚಾಸಿಯ ಗಟ್ಟಿ ಜಾಗದಲ್ಲಿ ವರ್ನಿಯರ್ ಇಟ್ಟು ದಪ್ಪ ಅಳೆದು ಅಷ್ಟೇ ದಪ್ಪದ ಪ್ಲೇಟ್ ತನ್ನಿ. ದಪ್ಪವಿದ್ದಷ್ಟೂ ಗಟ್ಟಿ ಎನ್ನುವುದು ಇಲ್ಲಿ ತಪ್ಪು ಲೆಕ್ಕ. ಲೋಡು ಬಿದ್ದಾಗ ಚಾಸಿ ಸ್ವಲ್ಪ ಬಾಗಲೇಬೇಕು. ದಪ್ಪ ಪ್ಲೇಟಿನ ಭಾಗ ಬಾಗದೆ, ಅದರ ಅಂಚಿನಲ್ಲೇ ಬಳುಕೆಲ್ಲ ಸೇರಿ ಅಲ್ಲಿ ಸೀಳುತ್ತದೆ. ಇದೇ ಕಾರಣಕ್ಕೆ ಪ್ಲೇಟನ್ನು ಚೌಕವಾಗಿ ಕತ್ತರಿಸಬಾರದು. ಎರಡು ತುದಿಯೂ ಚೂಪಾಗಿ ಬರುವಂತೆ, ಉದ್ದನೆಯ ವಜ್ರದಾಕಾರಕ್ಕೆ ಕತ್ತರಿಸಿದರೆ ಬೆಸುಗೆ ಓರೆಯಾಗಿ ಓಡುತ್ತದೆ. ಮೇಲಿಂದ ಕೆಳಕ್ಕೆ ನೇರ ಬೆಸುಗೆ ಎಳೆದರೆ ಮುಂದೊಂದು ದಿನ ಆ ಗೆರೆಯಲ್ಲೇ ಚಾಸಿ ಎರಡಾಗುತ್ತದೆ. ಚಾನೆಲ್ಲಿನ ಮೇಲಂಚು, ಕೆಳಂಚುಗಳಿಗೆ ಅಡ್ಡಲಾಗಿ ವೆಲ್ಡಿಂಗ್ ಬೇಡ. ಪ್ಲೇಟಿನ ನಡುವೆ 10–12 ಮಿಮೀ ತೂತು ಕೊರೆದು ಅದರೊಳಗೆ ಬೆಸುಗೆ ತುಂಬಿದರೆ ಹಿಡಿತ ಹೆಚ್ಚುತ್ತದೆ.

ಕೆಲಸಕ್ಕೆ ಮೊದಲು ಬ್ಯಾಟರಿಯ ಎರಡೂ ಟರ್ಮಿನಲ್, ಆಲ್ಟರ್ನೇಟರಿನ ವೈರು ಬಿಚ್ಚಿಡಿ, ಟ್ಯಾಂಕ್ ಇಳಿಸಿ ದೂರವಿಡಿ. ಚಾಸಿಗೆ 2.5 ಮಿಮೀ ರಾಡಿನಲ್ಲಿ 60–90 ಆಂಪಿಯರ್ ಸಾಕು. ಕ್ಯಾಬಿನ್ನಿನ ತಳದ 18 ಗೇಜ್ ಶೀಟಿಗೆ 2 ಮಿಮೀ ರಾಡು, 40–60 ಆಂಪಿಯರ್. ಅದೂ ಒಂದೇ ಉಸಿರಿಗೆ ಎಳೆಯದೆ, ಎರಡು ಸೆಂಟಿಮೀಟರ್ ಇಲ್ಲಿ, ಎರಡು ಅಲ್ಲಿ ಹಾಕುತ್ತ ಹೋಗಿ. ಇಲ್ಲವಾದರೆ ಶೀಟು ಹಪ್ಪಳದಂತೆ ಸುರುಟುತ್ತದೆ. ಮಿಗ್ ಮಷಿನ್ (ರಾಡಿನ ಬದಲು ತಂತಿ ತಾನೇ ಬರುವ ವೆಲ್ಡಿಂಗ್ ಯಂತ್ರ) ಬಾಡಿಗೆಗೆ ಸಿಕ್ಕರೆ ಶೀಟಿನ ಕೆಲಸಕ್ಕೆ ಅದೇ ಲೇಸು.

ರೆಡ್ ಆಕ್ಸೈಡ್ ಬಳಿದು ಮಳೆಗಾಲ ಕಳೆಯಲು ಬಿಡಬೇಡಿ. ಆ ಪ್ರೈಮರಿನೊಳಗೆ ತೇವ ಇಳಿಯುತ್ತದೆ, ಕೆಳಗೆ ತುಕ್ಕು ಮತ್ತೆ ಶುರುವಾಗುತ್ತದೆ. ಚಾಸಿಗೆ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ಹಾಕಿ, ಮೇಲೆ ಬಣ್ಣ ಕೊಡಿ. ಡಿಸೆಂಬರಿನಿಂದ ಮಾರ್ಚಿವರೆಗಿನ ಒಣ ಹವೆ ಈ ಕೆಲಸಕ್ಕೆ ಸರಿ. ಪೆಟ್ಟಿಗೆ ಭಾಗದ ಒಳಗೆ ವ್ಯಾಕ್ಸ್ ಸ್ಪ್ರೇ ಮಾಡಿ, ಕೆಳಗಿನ ನೀರು ಹೋಗುವ ತೂತುಗಳನ್ನು ತೆರೆದಿಡಿ. ಹಳೆ ಎಂಜಿನ್ ಆಯಿಲ್ ಬಳಿಯುವ ರೂಢಿ ಎಲ್ಲ ಕಡೆ ಇದೆ. ಅದು ರಬ್ಬರ್ ಬುಷ್ಷನ್ನೂ ಬ್ರೇಕ್ ಹೋಸನ್ನೂ ಕೆಡಿಸುತ್ತದೆ. ನಾವು ಒಪ್ಪುವುದಿಲ್ಲ.

ಪ್ರಶ್ನೆ: 40–45 ಕಿಮೀ ವೇಗದಲ್ಲಿ ಒಂದು ಗುಂಡಿಗೆ ಇಳಿದರೆ ಸಾಕು, ಮುಂದಿನ ಚಕ್ರಗಳು ಎಡಬಲಕ್ಕೆ ಹೊಡೆದುಕೊಳ್ಳುತ್ತವೆ. ಗಾಡಿ ಪೂರ್ತಿ ನಿಲ್ಲಿಸಿದ ಮೇಲೆಯೇ ನಿಲ್ಲುತ್ತದೆ. ಸ್ಟೀರಿಂಗ್ ಬಾಕ್ಸ್ ಬದಲಿಸಿದರೂ ಹೋಗಿಲ್ಲ. — ಸೋಮವಾರಪೇಟೆಯ ಓದುಗರು

ಬಾಕ್ಸಿಗೆ ಹಣ ಹಾಕುವ ಮುನ್ನ ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಪಿನ್ನು) ನೋಡಬೇಕಿತ್ತು. ಮುಚ್ಚಿದ ಗುಂಡಿನಾಕಾರದ ನಕಲ್ (ಸ್ಟೀರಿಂಗ್ ಜೊತೆ ತಿರುಗುವ, ಚಕ್ರ ಕೂರುವ ಗಂಟು) ಇರುವ ಹಳೆ ಮುಂದಿನ ಹೌಸಿಂಗಿನಲ್ಲಿ (ಆಕ್ಸಲ್ಲಿನ ಕವಚ) ಕಿಂಗ್ ಪಿನ್ ಬೇರಿಂಗುಗಳು ಸ್ವಲ್ಪ ಬಿಗಿಯಾಗಿಯೇ ಕೂರಬೇಕು. ಗುಂಡಿಯ ಪೆಟ್ಟಿಗೆ ಚಕ್ರ ಆಡಿದಾಗ ಆ ಬಿಗಿಯೇ ಆಟವನ್ನು ಹೀರಿಕೊಳ್ಳುತ್ತದೆ. ಬಿಗಿ ಹೋದರೆ ತಡೆಯುವವರೇ ಇಲ್ಲ, ಒಂದು ಹೊಡೆತ ಮುಂದಿನದನ್ನು ಎಬ್ಬಿಸುತ್ತ ಹೋಗುತ್ತದೆ.

ಹುಡುಕುವ ಬಗೆ ಸರಳ. ಮುಂದಿನ ಚಕ್ರ ಎತ್ತಿ, ಟಯರಿನ ನೆತ್ತಿ ಮತ್ತು ತಳ ಹಿಡಿದು ಅಲ್ಲಾಡಿಸಿ. ಆಟ ಕಂಡರೆ ಒಬ್ಬರಿಂದ ಬ್ರೇಕ್ ಒತ್ತಿಸಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ಮಾಯವಾದರೆ ದೋಷ ವೀಲ್ ಬೇರಿಂಗಿನದು. ಒತ್ತಿದರೂ ಉಳಿದರೆ ಕಿಂಗ್ ಪಿನ್ನಿನದು. ಆಮೇಲೆ ಟಯರಿನ ಎಡಬಲ ಹಿಡಿದು ಅಲ್ಲಾಡಿಸುತ್ತ ಟೈ ರಾಡ್ ಎಂಡುಗಳ (ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ರಾಡಿನ ತುದಿಗಳು) ಮೇಲೆ ಬೆರಳಿಟ್ಟು ನೋಡಿ, ಸವೆದ ಬಾಲ್ ಕೈಗೇ ಗೊತ್ತಾಗುತ್ತದೆ. ಹಳೆ ಸಿಜೆ ಮಾದರಿಯ ಜೀಪುಗಳಲ್ಲಿ ನಡುವೆ ಬೆಲ್ ಕ್ರ್ಯಾಂಕ್ (ಸ್ಟೀರಿಂಗಿನ ಎಳೆತವನ್ನು ಟೈ ರಾಡಿಗೆ ದಾಟಿಸುವ ತೋಳು) ಇರುತ್ತದೆ, ಅದರ ಪಿನ್ನನ್ನೂ ಬಿಡಬೇಡಿ.

ವೀಲ್ ಬೇರಿಂಗ್ ಆದರೆ ಒಳಗಿನ ನಟ್ಟನ್ನು ಚಕ್ರ ತಿರುಗಲು ಹಿಡಿಯುವವರೆಗೆ ಬಿಗಿದು, ಆರನೇ ಒಂದು ಸುತ್ತು ಹಿಂದಕ್ಕೆ ಬಿಡಿ. ಲಾಕ್ ವಾಷರ್ ಹೊಸದು ಹಾಕಿ, ಹೊರಗಿನ ನಟ್ಟು ಬಿಗಿದ ಮೇಲೆ ಅದರ ಅಂಚು ಮಡಚಿ.

ಕಿಂಗ್ ಪಿನ್ ಆದರೆ ಟೈ ರಾಡ್ ಬಿಚ್ಚಿ, ನಕಲ್ ಹಿಂದಿನ ಆಯಿಲ್ ಸೀಲ್ ಸರಿಸಿ. ಬೇರಿಂಗ್ ಕಪ್ಪಿನಲ್ಲಿ ರೋಲರಿನ ಗುರುತು ಬಿದ್ದಿದ್ದರೆ ಶಿಮ್ (ಅಂತರ ಹೊಂದಿಸುವ ತೆಳು ಲೋಹದ ಹಾಳೆ) ತೆಗೆದು ಪ್ರಯೋಜನವಿಲ್ಲ, ಬೇರಿಂಗೇ ಬದಲಿಸಿ. ಕಪ್ ನುಣುಪಾಗಿದ್ದರೆ ಮೇಲಿನ ಮತ್ತು ಕೆಳಗಿನ ಕ್ಯಾಪಿನಡಿ ಇರುವ ಶಿಮ್ ಕಡಿಮೆ ಮಾಡಬೇಕು. ಅವು 3, 5, 10, 30 ಥೌ ದಪ್ಪದಲ್ಲಿ ಬರುತ್ತವೆ, ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಪಾಲು. ಮೇಲಿನಿಂದ ಎಷ್ಟು ತೆಗೆದಿರೋ ಕೆಳಗಿನಿಂದಲೂ ಅಷ್ಟೇ ತೆಗೆಯಿರಿ. ಒಂದೇ ಕಡೆ ತೆಗೆದರೆ ನಕಲ್ ನಡುವಿನಿಂದ ಸರಿದು ಆಕ್ಸಲ್ಲಿನ ಜಾಯಿಂಟು ತಿಕ್ಕತೊಡಗುತ್ತದೆ. ಮೇಲೆ ಕೆಳಗೆ ಕೂದಲೆಳೆಯಷ್ಟೂ ಆಟವಿರದೆ, ಕೈಯಲ್ಲಿ ತಿರುಗಿಸುವಾಗ ಉದ್ದಕ್ಕೂ ಒಂದೇ ಸಮನಾದ ಸಣ್ಣ ತಡೆ ಸಿಗಬೇಕು. ತಳ್ಳಿದರೆ ತಾನೇ ಓಡಿಹೋಗುವ ನಕಲ್ ಇನ್ನೂ ಸಡಿಲವೇ.

ಎಲ್ಲ ಕೂಡಿಸಿದ ಮೇಲೆ ಟೋ ಇನ್ (ಮುಂದಿನ ಚಕ್ರಗಳು ಮುಂಭಾಗದಲ್ಲಿ ಒಳಕ್ಕೆ ತಿರುಗಿರುವ ಅಳತೆ) ನೋಡಿ. ಚಕ್ರ ಎತ್ತಿ ತಿರುಗಿಸುತ್ತ ಟಯರಿನ ನಡುವೆ ಸೀಮೆಸುಣ್ಣ ಬಳಿದು ಮೊಳೆಯಿಂದ ಒಂದು ಗೆರೆ ಎಳೆಯಿರಿ. ಗಾಡಿ ಇಳಿಸಿ ನಾಲ್ಕು ಅಡಿ ಮುಂದೆ ಉರುಳಿಸಿ, ಆಕ್ಸಲ್ ಎತ್ತರದಲ್ಲಿ ಎರಡು ಗೆರೆಗಳ ನಡುವಿನ ದೂರವನ್ನು ಮುಂದೊಮ್ಮೆ ಹಿಂದೊಮ್ಮೆ ಅಳೆಯಿರಿ. ಮುಂದಿನ ಅಳತೆ 1ರಿಂದ 2.5 ಮಿಮೀ ಕಡಿಮೆ ಇರಬೇಕು. ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗಿನ ಅದುರು ತಡೆಯುವ ಶಾಕ್ ಅಬ್ಸಾರ್ಬರ್) ಹಾಕಿಸಿ ಎಂದು ಯಾರಾದರೂ ಹೇಳಿದರೆ ಕಾಯಿರಿ. ಸವೆದ ಕಿಂಗ್ ಪಿನ್ನನ್ನು ಅದು ಕೆಲವು ತಿಂಗಳು ಮರೆಮಾಡುತ್ತದೆ, ಅಷ್ಟೆ.

ಪ್ರಶ್ನೆ: ಹ್ಯಾಂಡ್ ಬ್ರೇಕ್ ಎಷ್ಟು ಬಿಗಿದರೂ ಹಿಡಿಯುವುದಿಲ್ಲ. ಲೈನಿಂಗ್ ಹೊಸದು. — ತೀರ್ಥಹಳ್ಳಿಯ ಓದುಗರು

ಡ್ರಮ್ ಬಿಚ್ಚಿದರೆ ಲೈನಿಂಗ್ ಗೇರ್ ಆಯಿಲ್‌ನಲ್ಲಿ ತೊಯ್ದಿರುವುದು ಕಾಣಬಹುದು. ಡಾನಾ 18 ಟ್ರಾನ್ಸ್‌ಫರ್ ಕೇಸ್ (ಗೇರ್ ಬಾಕ್ಸಿನ ಶಕ್ತಿಯನ್ನು ಮುಂದಿನ, ಹಿಂದಿನ ಶಾಫ್ಟುಗಳಿಗೆ ಹಂಚುವ ಪೆಟ್ಟಿಗೆ) ಇರುವ ಹಳೆ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ, ಪ್ರೊಪೆಲ್ಲರ್ ಶಾಫ್ಟ್ ಶುರುವಾಗುವಲ್ಲಿದೆ. ಅಲ್ಲಿನ ಆಯಿಲ್ ಸೀಲ್ ಸೋರಿದರೆ ಎಣ್ಣೆ ನೇರ ಡ್ರಮ್ಮಿಗೆ. ಸೀಲ್ ಬದಲಿಸಿ. ಅದಕ್ಕೂ ಮೊದಲು ಫ್ಲ್ಯಾಂಜಿನ ಮೇಲೆ ಸೀಲ್ ತಿಕ್ಕುವ ಜಾಗಕ್ಕೆ ಉಗುರು ಹಾಯಿಸಿ. ಗೆರೆ ತಗುಲಿದರೆ ಹೊಸ ಸೀಲೂ ನಿಲ್ಲುವುದಿಲ್ಲ, ಫ್ಲ್ಯಾಂಜಿಗೆ ಲೇತಿನಲ್ಲಿ ಸ್ಲೀವ್ ಹಾಕಿಸಬೇಕು. ತೊಯ್ದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಬೇಡಿ.

ಇದರಲ್ಲೇ ಒಂದು ಅಪಾಯವಿದೆ, ಗಮನಿಸಿ. ಈ ಬ್ರೇಕ್ ಹಿಡಿಯುವುದು ಶಾಫ್ಟನ್ನು. ಪಂಕ್ಚರ್ ಆಗಿ ಹಿಂದಿನ ಒಂದು ಚಕ್ರ ಎತ್ತಿದಿರಿ ಎನ್ನಿ. ಡಿಫರೆನ್ಷಿಯಲ್ (ಎರಡು ಬದಿಯನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳು) ಮೂಲಕ ಎತ್ತಿದ ಚಕ್ರ ಹಿಂದಕ್ಕೆ, ನೆಲದಲ್ಲಿರುವ ಚಕ್ರ ಮುಂದಕ್ಕೆ ತಿರುಗಬಹುದು, ಶಾಫ್ಟ್ ಅಲ್ಲಾಡುವುದೇ ಇಲ್ಲ. ಹ್ಯಾಂಡ್ ಬ್ರೇಕ್ ಬಿಗಿಯಾಗಿದ್ದರೂ ಗಾಡಿ ಜಾಕಿಯಿಂದ ಉರುಳಿಹೋಗುತ್ತದೆ. ಉಳಿದ ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಕೊಟ್ಟೇ ಜಾಕಿ ಹಚ್ಚಿ.

ಪ್ರಶ್ನೆ: ಮಾಸ್ಟರ್ ಸಿಲಿಂಡರ್ ಹೊಸದು ಹಾಕಿದ್ದೇವೆ. ಐದಾರು ಕಿಲೋಮೀಟರ್ ಓಡಿದರೆ ನಾಲ್ಕೂ ಚಕ್ರ ಜಾಮ್ ಆಗುತ್ತದೆ. ತಣ್ಣಗಾದರೆ ಸರಿಹೋಗುತ್ತದೆ. — ಶಿರಸಿಯ ಓದುಗರು

ಪೆಡಲಿಗೆ ಫ್ರೀ ಪ್ಲೇ ಇಲ್ಲ. ಮಾಸ್ಟರ್ ಸಿಲಿಂಡರಿನೊಳಗೆ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವುದು ಇದೇ) ರಬ್ಬರ್ ಕಪ್ಪಿನ ಮುಂದೆ ಒಂದು ಸಣ್ಣ ತೂತಿದೆ. ಕಾಲು ತೆಗೆದಾಗ ಬಿಸಿಗೆ ಹಿಗ್ಗಿದ ಬ್ರೇಕ್ ಆಯಿಲ್ ಅದರ ಮೂಲಕ ಡಬ್ಬಿಗೆ ವಾಪಸಾಗಬೇಕು. ಪುಷ್ ರಾಡ್ ಉದ್ದವಾಗಿದ್ದರೆ ಕಪ್ಪು ಆ ತೂತನ್ನು ಮುಚ್ಚಿಕೊಂಡೇ ಇರುತ್ತದೆ. ರಾಡನ್ನು ಗಿಡ್ಡ ಮಾಡಿ ಪೆಡಲಿನಲ್ಲಿ ಸುಮಾರು 12 ಮಿಮೀ ಖಾಲಿ ಆಟ ಬಿಡಿ.

ಹಳೆ ಮಿನರಲ್ ಎಣ್ಣೆ, ಡೀಸೆಲ್ ಯಾವುದಾದರೂ ಒಳಗೆ ಹೋಗಿದ್ದರೂ ಕಪ್ ಊದಿಕೊಂಡು ಹೀಗೇ ಆಗುತ್ತದೆ. ಹಾಗಾಗಿದ್ದರೆ ಸಿಸ್ಟಮ್ಮಿನ ರಬ್ಬರನ್ನೆಲ್ಲ ಬದಲಿಸದೆ ಗತ್ಯಂತರವಿಲ್ಲ. ಸಿಲಿಂಡರ್ ತೊಳೆಯಲು ಬ್ರೇಕ್ ಆಯಿಲನ್ನೇ ಬಳಸಿ. ಏರ್ ತೆಗೆಯುವಾಗ ಮಾಸ್ಟರಿನಿಂದ ದೂರದ ಚಕ್ರ ಮೊದಲು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಡಾಟ್ 3 ಬ್ರೇಕ್ ಆಯಿಲ್ ಒಂದು ಲೀಟರ್ ತಂದಿಟ್ಟುಕೊಳ್ಳಿ.

ಪ್ರಶ್ನೆ: ಮುಂದಿನ ಹೌಸಿಂಗ್ ಗುಜರಿಯಿಂದ ತಂದು ಹಾಕಿಸಿದ್ದೇವೆ. ಫೋರ್‌ವೀಲ್ ಹಾಕಿದರೆ ಸ್ವಲ್ಪ ದೂರದಲ್ಲೇ ಗಾಡಿ ಬಿಗಿದುಕೊಳ್ಳುತ್ತದೆ, ಲಿವರ್ ತೆಗೆಯಲು ಬರುವುದಿಲ್ಲ. — ಕೊಪ್ಪದ ಓದುಗರು

ಹಿಂದಿನ ಹೌಸಿಂಗಿನ ಕ್ರೌನ್ ಪಿನಿಯನ್ ಹಲ್ಲಿನ ಲೆಕ್ಕ ಒಂದು, ಮುಂದಿನದು ಇನ್ನೊಂದು ಆಗಿರುವ ಸಾಧ್ಯತೆಯೇ ಹೆಚ್ಚು. ಚಕ್ರಗಳು ಒಂದು ಸುತ್ತು ಬರಲು ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಎಂಬುದೇ ಆ ಲೆಕ್ಕ. ಈ ಜೀಪುಗಳಲ್ಲಿ 5.38 ಇದೆ, 4.88 ಕೂಡ ಇದೆ. ಮುಂದಿನ ಮತ್ತು ಹಿಂದಿನ ಶಾಫ್ಟುಗಳ ನಡುವೆ ಡಿಫರೆನ್ಷಿಯಲ್ ಇಲ್ಲದ್ದರಿಂದ ಎರಡು ಹೌಸಿಂಗೂ ಒಂದೇ ಲೆಕ್ಕದ್ದಿರಲೇಬೇಕು.

ಬಿಚ್ಚದೆಯೇ ಪರೀಕ್ಷಿಸಬಹುದು. ಕಲ್ಲು ಕೊಟ್ಟು, ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಬಿಟ್ಟು, ಹಿಂದಿನ ಒಂದೇ ಚಕ್ರ ಎತ್ತಿ. ಶಾಫ್ಟಿಗೆ ಸೀಮೆಸುಣ್ಣದ ಗುರುತು ಹಾಕಿ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ (ಇನ್ನೊಂದು ಚಕ್ರ ನೆಲದಲ್ಲಿ ನಿಂತಿರುವುದರಿಂದ ಒಂದರ ಬದಲು ಎರಡು ಸುತ್ತು). ಶಾಫ್ಟ್ ಐದೂ ಕಾಲು ಸುತ್ತಿಗಿಂತ ತುಸು ಹೆಚ್ಚು ತಿರುಗಿದರೆ 5.38, ಐದಕ್ಕೆ ಸ್ವಲ್ಪ ಕಡಿಮೆಯಾದರೆ 4.88. ಮುಂದೆಯೂ ಹೀಗೇ, ಫೋರ್‌ವೀಲ್ ಲಿವರ್ ತೆಗೆದಿಟ್ಟು ಎಣಿಸಿ. ಫ್ರೀ ವೀಲ್ ಹಬ್ (ಮುಂದಿನ ಚಕ್ರವನ್ನು ಆಕ್ಸಲ್ಲಿನಿಂದ ಬಿಡಿಸುವ ಹಬ್) ಇದ್ದರೆ ಎರಡೂ ಕಡೆ ಲಾಕ್ ಮಾಡಿರಬೇಕು.

ಲೆಕ್ಕ ಹೊಂದಿದರೆ ಟಯರ್ ನೋಡಿ. ಹಿಂದೆ ಹೊಸದು, ಮುಂದೆ ಸವೆದದ್ದು ಇದ್ದರೂ ಇದೇ ತೊಂದರೆ. ನಾಲ್ಕನ್ನೂ ನೆಲದ ಮೇಲೆ ಒಂದು ಪೂರ್ತಿ ಸುತ್ತು ಉರುಳಿಸಿ ದೂರ ಅಳೆದು ಹೋಲಿಸಿ. ಎಲ್ಲ ಸರಿಯಿದ್ದರೂ ಒಣ ಟಾರ್ ರಸ್ತೆಯಲ್ಲಿ ಫೋರ್‌ವೀಲ್ ಹಾಕಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಓಡುತ್ತವೆ, ಕೆಸರಿನಲ್ಲಾದರೆ ಜಾರಿ ಸರಿಹೋಗುತ್ತವೆ, ಟಾರಿನಲ್ಲಿ ಜಾರದೆ ಗೇರುಗಳ ಮೇಲೆ ಬೀಳುತ್ತದೆ. ಈಗ ಸಿಕ್ಕಿಕೊಂಡ ಲಿವರನ್ನು ಬಲವಂತ ಮಾಡಬೇಡಿ. ನೇರವಾಗಿ ಕೆಲವು ಅಡಿ ರಿವರ್ಸ್ ಹೋಗಿ, ಕ್ಲಚ್ ಒತ್ತಿ ಎಳೆಯಿರಿ. ಅದಕ್ಕೂ ಬರದಿದ್ದರೆ ಮುಂದಿನ ಒಂದು ಚಕ್ರ ಎತ್ತಿ, ಬಿಗಿತ ತಾನೇ ಬಿಡುತ್ತದೆ.

ಪ್ರಶ್ನೆ: ಬ್ಯಾಟರಿ ಹೊಸದು, ಆದರೂ ಸೆಲ್ಫ್ ನಿಧಾನ. ಸ್ಟಾರ್ಟ್ ಮಾಡುವಾಗ ಆಕ್ಸಿಲರೇಟರ್ ಕೇಬಲ್ ಬಿಸಿಯಾಗುತ್ತದೆ. — ಬಾಳೆಹೊನ್ನೂರಿನ ಓದುಗರು

ಎಂಜಿನ್ನಿನಿಂದ ಚಾಸಿಗೆ ಇರಬೇಕಾದ ಅರ್ತ್ ಪಟ್ಟಿ ಇಲ್ಲ, ಅಥವಾ ಬಣ್ಣದ ಮೇಲೆ ಕೂತಿದೆ. ಕರೆಂಟು ಕೇಬಲ್ ಮೂಲಕ ದಾರಿ ಮಾಡಿಕೊಂಡಿದೆ. ಬಣ್ಣ ಕೆರೆದು ಹೊಸ ಪಟ್ಟಿ ಹಾಕಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ನೆಗೆಟಿವ್‌ಗೂ ಎಂಜಿನ್ ಬ್ಲಾಕಿಗೂ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಬಾರದು.

ಪ್ರಶ್ನೆ: ಆರ್‌ಸಿ ಮುಗಿದಿರುವ ಹಳೆ ಪಿಕಪ್ ಕೊಳ್ಳಬಹುದೇ? ಬೇರೆ ಎಂಜಿನ್ ಕೂರಿಸುವ ಯೋಚನೆಯೂ ಇದೆ. — ಬೆಂಗಳೂರಿನ ಓದುಗರು

ಮೊದಲು ಆರ್‌ಸಿಯಲ್ಲಿ ಅದು ಖಾಸಗಿ ಗಾಡಿಯೋ ಸರಕು ಗಾಡಿಯೋ ನೋಡಿ. ಖಾಸಗಿಯಾದರೆ 15 ವರ್ಷದ ನಂತರ 5 ವರ್ಷಕ್ಕೊಮ್ಮೆ ನವೀಕರಣ. ಸರಕು ಗಾಡಿಯಾದರೆ ವರ್ಷ ವರ್ಷ ಎಫ್‌ಸಿ. 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ 20 ವರ್ಷ ದಾಟಿದ ಲಘು ವಾಹನಗಳ ನವೀಕರಣ ಶುಲ್ಕವನ್ನು 10,000 ರೂಪಾಯಿಗೆ ಏರಿಸಿದೆ, ಹಸಿರು ತೆರಿಗೆ ಬೇರೆ. ಗಾಡಿಯ ಬೆಲೆ ಮಾತಾಡುವಾಗ ಇದನ್ನೂ ಸೇರಿಸಿಕೊಳ್ಳಿ. 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ. ಆದರೆ ಅದರಲ್ಲಿ ದಿನಬಳಕೆಯ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಅವಕಾಶವಿಲ್ಲ.

ಬೇರೆ ಎಂಜಿನ್ ಬೇಡ ಎಂದೇ ನಮ್ಮ ಸಲಹೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಮೊದಲೇ ಅನುಮತಿ ಬೇಕು. ತಯಾರಕರ ವಿವರಣೆಗೆ ವಿರುದ್ಧವಾದ ಬದಲಾವಣೆ ಸಲ್ಲದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಅದೇ ಮಾದರಿಯ ಎಂಜಿನ್ ಹಾಕಿದರೂ ಹೊಸ ನಂಬರು ಆರ್‌ಸಿಗೆ ಏರಬೇಕು, ಎಂಜಿನ್ ಕೊಂಡ ಬಿಲ್ಲು ಇಟ್ಟುಕೊಳ್ಳಿ.

ಹಣ ಕೊಡುವ ಮುನ್ನ ಚಾಸಿ ನಂಬರನ್ನು ವೈರ್ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ತೀಡಿ ಪ್ರಿಂಟ್ ತೆಗೆಯಿರಿ, ಆರ್‌ಸಿಯ ಜೊತೆ ಅಕ್ಷರ ಅಕ್ಷರ ಹೋಲಿಸಿ. ಆರ್‌ಟಿಓ ಕಚೇರಿಯಲ್ಲೂ ಕೇಳುವುದು ಇದೇ ಪ್ರಿಂಟ್. ರಿಪೇರಿ ಮಾಡುವಾಗ ಆ ಜಾಗಕ್ಕೆ ಗ್ರೈಂಡರ್ ತಾಗಿಸಬೇಡಿ, ಪುಟ್ಟಿ ಹಚ್ಚಬೇಡಿ. ಗ್ರೀಸ್ ಸವರಿ ಟೇಪ್ ಅಂಟಿಸಿಟ್ಟು, ಬಣ್ಣವೆಲ್ಲ ಮುಗಿದ ಮೇಲೆ ಬಿಚ್ಚಿ ಒಂದು ತೆಳು ಕೋಟ್ ಕೊಟ್ಟರೆ ಸಾಕು.